ಗೋವಿನಜೋಳದ ಮೈಯಲ್ಲೇ ಇರುವ ಮದ್ದು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಹಾನಗಲ್ – ಯಾವ ಊರಿನ ಗೊಬ್ಬರದ ಅಂಗಡಿಗೆ ಹೋದರೂ ಈಗ ಕೀಟನಾಶಕದ ಪಕ್ಕದಲ್ಲೇ ಇನ್ನೊಂದು ಸಾಲು ಬಾಟಲಿ ಕಾಣುತ್ತವೆ. ಕಡಲಪಾಚಿ ಸಾರ, ಅಮಿನೋ ಆಮ್ಲ, ಹ್ಯೂಮಿಕ್ ಆಮ್ಲ, ಕೈಟೋಸಾನ್. ಎಲ್ಲದರ ಮೇಲೂ ‘ನೈಸರ್ಗಿಕ’ ಅಂತ ಬರೆದಿರುತ್ತದೆ. ಹೊಡೆದರೆ ಬೆಳೆಗೆ ರೋಗ ತಡೆಯುವ ಶಕ್ತಿ ಬರುತ್ತದೆ, ಮಳೆ ಕೈಕೊಟ್ಟರೂ ತಡಕೊಳ್ಳುತ್ತದೆ ಅನ್ನುತ್ತಾರೆ. ಗೋವಿನಜೋಳ ಬೆಳೆಯುವವರು ಕೇಳುವ ಪ್ರಶ್ನೆ ಒಂದೇ: ಇದರಿಂದ ಏನಾದರೂ ಆಗುತ್ತದಾ, ಇಲ್ಲಾ ಸುಮ್ನೆ ದುಡ್ಡು ದಂಡವಾ?

ನ್ಯಾಯವಾದ ಪ್ರಶ್ನೆ. ಉತ್ತರ ಸಿಗಬೇಕೆಂದರೆ ಬಾಟಲಿ ಬಿಟ್ಟು ಮೊದಲು ಗಿಡದೊಳಗೆ ಏನು ನಡೆಯುತ್ತದೆ ಅಂತ ನೋಡಬೇಕು. ಈ ವಸ್ತುಗಳಲ್ಲಿ ಹೆಚ್ಚಿನವು ರೋಗವನ್ನು ತಾವಾಗಿ ಕೊಲ್ಲುವುದಿಲ್ಲ. ಬೆಳೆಗೆ ನೀರು ಕೊಡುವುದಂತೂ ಇಲ್ಲವೇ ಇಲ್ಲ. ಗಿಡ ತನಗೆ ತಾನೇ ಮಾಡಿಕೊಳ್ಳುವ ಮದ್ದೊಂದಿದೆ. ಅದನ್ನು ಬೇಗ ತಯಾರು ಮಾಡಿಕೊಳ್ಳಲು ಗಿಡವನ್ನು ಮೊದಲೇ ಎಬ್ಬಿಸಿಡುವುದು ಇವುಗಳ ಕೆಲಸ. ಹೀಗೆ ಎಚ್ಚರವಾಗಿರುವುದಕ್ಕೂ ಗಿಡಕ್ಕೆ ಖರ್ಚಿದೆ. ಇಷ್ಟು ತಿಳಿದರೆ ಯಾವುದನ್ನು ಯಾವಾಗ ಹೊಡೆಯಬೇಕು, ಯಾವಾಗ ಬೇಡ ಅನ್ನುವುದು ಅರ್ಧ ತಿಳಿದ ಹಾಗೆ.

ಬರ ಮತ್ತು ರೋಗ, ಎರಡೂ ಜೊತೆಗೇ

ನಮ್ಮ ಕಡೆ ಮೃಗಶಿರ ಮಳೆಗೆ ಬಿತ್ತಿದ ಗೋವಿನಜೋಳ ಆಶ್ಲೇಷ ಮಳೆ ಹೊತ್ತಿಗೆ ಸೂಲಂಗಿ, ಅಂದರೆ ಗಿಡದ ತುದಿಯ ಗಂಡು ಹೂಗೊಂಚಲು, ಬಿಡುತ್ತದೆ. ಆ ಎರಡು ಮೂರು ವಾರವೇ ಇಡೀ ಬೆಳೆಯ ಹಣೆಬರಹ. ತೆನೆಯ ತುದಿಯಲ್ಲಿ ಹೊರಬರುವ ರೇಷ್ಮೆಯಂಥ ಎಳೆಗಳಿವೆಯಲ್ಲ, ಅದರಲ್ಲಿ ಒಂದೊಂದು ಎಳೆ ಒಂದೊಂದು ಕಾಳಿಗೆ ಸೇರಿದ್ದು. ಸೂಲಂಗಿಯ ಪರಾಗ ಆ ಎಳೆಯ ಮೇಲೆ ಬಿದ್ದರೆ ಮಾತ್ರ ಆ ಕಾಳು ಕಟ್ಟುತ್ತದೆ. ನೆಲದಲ್ಲಿ ಹಸಿ ಇಲ್ಲದಿದ್ದರೆ ಸೂಲಂಗಿ ಸರಿಯಾದ ಹೊತ್ತಿಗೆ ಬರುತ್ತದೆ, ಎಳೆ ತಡವಾಗುತ್ತದೆ. ಎಳೆ ಹೊರಗೆ ಬರುವಷ್ಟರಲ್ಲಿ ಪರಾಗ ಉದುರಿ ಹೋಗಿರುತ್ತದೆ. ತುದಿಯಲ್ಲಿ ಕಾಳಿಲ್ಲದ ಬೋಳು ತೆನೆ ಸಿಗುವುದು ಹೀಗೆ. 2023ರ ಬರದಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಆ ವರ್ಷ ಇಂಥ ತೆನೆ ನೋಡದ ರೈತ ಈ ಭಾಗದಲ್ಲಿ ಸಿಗುವುದು ಕಷ್ಟ.

ರೋಗದ ಕಥೆ ಜಾಗದ ಮೇಲೆ ಬದಲಾಗುತ್ತದೆ. ಹಾನಗಲ್ ಕಡೆ ಮಲೆನಾಡಿನ ಸೆರಗು. ಮೋಡ, ತಂಪು, ಎಲೆ ಮೇಲೆ ಒಣಗದ ನೀರು. ಇಂಥ ಹವೆ ಎಲೆ ಅಂಗಮಾರಿಗೆ ಹೇಳಿ ಮಾಡಿಸಿದ್ದು. ಕೆಳಗಿನ ಎಲೆಯಲ್ಲಿ ಮೊದಲು ಎರಡೂ ತುದಿ ಚೂಪಾದ, ಉದ್ದನೆಯ ಬೂದು ಮಚ್ಚೆ ಏಳುತ್ತದೆ. ಒಂದೊಂದು ಮಚ್ಚೆ ಗೇಣುದ್ದದವರೆಗೂ ಬೆಳೆಯಬಹುದು. ಆಮೇಲೆ ಮಚ್ಚೆಗಳು ಒಂದಕ್ಕೊಂದು ಸೇರಿ ಎಲೆಯೇ ಸುಟ್ಟ ಹಾಗೆ ಒಣಗುತ್ತದೆ.

ರಾಣೆಬೆನ್ನೂರು, ಸವಣೂರಿನ ಬಯಲು ಹೊಲಗಳಲ್ಲಿ ಹೆದರಬೇಕಾದ್ದು ಇನ್ನೊಂದಕ್ಕೆ: ಕಾಂಡ ಕೊಳೆ. ಇದು ಬರ ಬಂದ ವರ್ಷವೇ ಜಾಸ್ತಿ. ಹೊರಗಿನಿಂದ ನೋಡಿದರೆ ಗಿಡ ಸ್ವಲ್ಪ ಬೇಗ ಮಾಗಿದೆ ಅನ್ನಿಸುತ್ತದೆ, ಅಷ್ಟೆ. ಬುಡದ ಹತ್ತಿರ, ನೆಲದಿಂದ ಎರಡನೇ ಗೆಣ್ಣಿನ ಮೇಲೆ ಎರಡು ಬೆರಳಿನಿಂದ ಒತ್ತಿ ನೋಡಿ. ಗಟ್ಟಿ ಇರಬೇಕಾದ ದಂಟು ಮೆತ್ತಗೆ ಒಳಗೆ ಹೋಗುತ್ತದೆ. ಕುಡುಗೋಲಿನಿಂದ ಉದ್ದಕ್ಕೆ ಸೀಳಿದರೆ, ಬಿಳಿ ತಿರುಳು ಇರಬೇಕಾದ ಕಡೆ ಬರೀ ನಾರು. ನಾರಿನ ಮೇಲೆಲ್ಲ ಇದ್ದಿಲ ಪುಡಿಯಂಥ ಕಪ್ಪು ಚುಕ್ಕೆಗಳು. ಅವು ಮ್ಯಾಕ್ರೋಫೋಮಿನಾ ಅನ್ನುವ ಶಿಲೀಂಧ್ರದ ಗಟ್ಟಿ ಗಂಟುಗಳು. ಅದೇ ಚುಕ್ಕೆಗಳು ಮಣ್ಣಿಗೆ ಸೇರಿ ವರ್ಷಗಟ್ಟಲೆ ಕಾಯುತ್ತವೆ. ಈ ಶಿಲೀಂಧ್ರಕ್ಕೆ ಜೋಳ, ಸೋಯಾಬೀನ್, ಶೇಂಗಾ, ಸೂರ್ಯಕಾಂತಿ ಎಲ್ಲವೂ ಆಗುತ್ತದೆ. 500ಕ್ಕೂ ಹೆಚ್ಚು ಬಗೆಯ ಗಿಡಗಳಿಗೆ ಅದು ತಗಲುತ್ತದೆ. ಹಾಗಾಗಿ ಬೆಳೆ ಬದಲಿಸಿದರೂ ಪೂರ್ತಿ ತಪ್ಪಿಸಿಕೊಳ್ಳುವುದು ಕಷ್ಟ.

ಬರ ಬಂದಾಗಲೇ ಇದು ಯಾಕೆ ಬರುತ್ತದೆ? ನೀರಿಲ್ಲದಾಗ ಎಲೆ ಸಾಕಷ್ಟು ಸಕ್ಕರೆ ಮಾಡಲಾರದು. ಆದರೆ ತೆನೆಯಲ್ಲಿ ಕಾಳು ತುಂಬಬೇಕು. ಗಿಡ ದಂಟಿನಲ್ಲಿ ಕೂಡಿಟ್ಟಿದ್ದ ಸಕ್ಕರೆಯನ್ನು ತೆಗೆದು ತೆನೆಗೆ ಕೊಡುತ್ತದೆ. ಬುಡದ ತಿರುಳು ಹಸಿದು ಸಾಯುತ್ತದೆ. ಆ ಶಿಲೀಂಧ್ರಕ್ಕೆ 30 ಡಿಗ್ರಿ ಮೇಲಿನ ಬಿಸಿ, ಒಣ ಮಣ್ಣು ಅಂದರೆ ಇಷ್ಟ. ಗಿಡ ಸೋತ ಜಾಗದಲ್ಲೇ ಅದು ಒಳಗೆ ನುಗ್ಗುತ್ತದೆ. ಬರ ಬೇರೆ, ರೋಗ ಬೇರೆ ಅಂತ ನಾವು ಎರಡು ಖಾತೆ ಬರೆಯುತ್ತೇವೆ. ಗಿಡದ ಪಾಲಿಗೆ ಅದು ಒಂದೇ ಖಾತೆ.

ಗಿಡದ ಸ್ವಂತ ಔಷಧಗಳು

ಗೋವಿನಜೋಳ ಓಡಿಹೋಗಲಾರದು. ಹಾಗಾಗಿ ಅದು ರಸಾಯನಶಾಸ್ತ್ರದಲ್ಲಿ ಬಹಳ ಜಾಣ. ಮೆಕ್ಸಿಕೋದಲ್ಲಿ ಸುಮಾರು 9000 ವರ್ಷಗಳ ಹಿಂದೆ ಟಿಯೊಸಿಂಟೆ ಅನ್ನುವ ಕಾಡು ಹುಲ್ಲಿನಿಂದ ರೈತರು ಆರಿಸಿ ಆರಿಸಿ ಮಾಡಿಕೊಂಡ ಬೆಳೆ ಇದು. ಕಾಡು ಹುಲ್ಲಿನ ಕಾಲದಿಂದಲೂ ಕೆಲವು ಮದ್ದುಗಳು ಇದರ ಜೊತೆಗೇ ಬಂದಿವೆ.

ಅದರಲ್ಲಿ ಮೊದಲನೆಯದು ಡಿಂಬೋವಾ. ಬೆಂಜಾಕ್ಸಜಿನಾಯ್ಡ್ ಅನ್ನುವ ಗುಂಪಿಗೆ ಸೇರಿದ್ದು. ಮೊಳಕೆ ಒಡೆದ ಕೆಲವೇ ದಿನಗಳಲ್ಲಿ ಎಳೆ ಗಿಡದಲ್ಲಿ ಇದು ತುಂಬಿರುತ್ತದೆ, ಬೆಳೆದಂತೆ ಕಡಿಮೆಯಾಗುತ್ತದೆ. ಇದು ಕೆಲಸ ಮಾಡುವ ರೀತಿ ನೋಡಿದರೆ ಆಶ್ಚರ್ಯವಾಗುತ್ತದೆ. ಡಿಂಬೋವಾ ಗಿಡಕ್ಕೂ ವಿಷವೇ. ಅದಕ್ಕೆ ಗಿಡ ಅದರ ಮೇಲೆ ಒಂದು ಸಕ್ಕರೆ ಅಂಟಿಸಿ, ಜೀವಕೋಶದ ಒಂದು ಮೂಲೆಯಲ್ಲಿ ಬಚ್ಚಿಡುತ್ತದೆ. ಸಕ್ಕರೆ ಇರುವ ತನಕ ಅದು ಸಪ್ಪೆ. ಆ ಸಕ್ಕರೆಯನ್ನು ಕತ್ತರಿಸುವ ಕಿಣ್ವ ಅದೇ ಕೋಶದ ಬೇರೆ ಮೂಲೆಯಲ್ಲಿರುತ್ತದೆ. ಎರಡೂ ಸೇರುವ ಹಾಗಿಲ್ಲ. ಹುಳು ಬಂದು ಎಲೆ ಅಗಿದಾಗ ಕೋಶ ಒಡೆಯುತ್ತದೆ, ಎರಡೂ ಬೆರೆಯುತ್ತವೆ, ಸಕ್ಕರೆ ಕಳಚುತ್ತದೆ. ಅಗಿದವನ ಬಾಯಲ್ಲೇ ವಿಷ ತಯಾರು. ಇದನ್ನು ಮಾಡುವ ಜೀನ್‌ಗಳು ನಾಲ್ಕನೇ ವರ್ಣತಂತುವಿನ ಮೇಲೆ ಹತ್ತಿರ ಹತ್ತಿರ ಕೂತಿವೆ ಅಂತ 1997ರಲ್ಲಿ ತಿಳಿಯಿತು.

ಹಾಗಿದ್ದರೆ ಸೈನಿಕ ಹುಳು ಯಾಕೆ ಸಾಯುವುದಿಲ್ಲ? ಭಾರತದಲ್ಲಿ ಅದು ಮೊದಲು ಕಂಡಿದ್ದೇ ನಮ್ಮ ರಾಜ್ಯದ ಶಿವಮೊಗ್ಗದಲ್ಲಿ, 2018ರ ಮೇ ತಿಂಗಳಲ್ಲಿ. ಅಲ್ಲಿಂದ ಹಾವೇರಿಗೆ ಬರಲು ಹೊತ್ತು ಹಿಡಿಯಲಿಲ್ಲ. ಈ ಹುಳುವೂ ಅಮೆರಿಕ ಖಂಡದ್ದೇ, ಗೋವಿನಜೋಳದ ಹಳೇ ವೈರಿ. ಅದರ ಹೊಟ್ಟೆಯಲ್ಲಿರುವ ಕಿಣ್ವ ಡಿಂಬೋವಾಕ್ಕೆ ಮತ್ತೆ ಸಕ್ಕರೆ ಅಂಟಿಸುತ್ತದೆ. ಆದರೆ ಈ ಸಲ ಉಲ್ಟಾ ದಿಕ್ಕಿನಲ್ಲಿ. ಹಾಗೆ ಅಂಟಿದ್ದನ್ನು ಗಿಡದ ಕಿಣ್ವಕ್ಕೆ ಕತ್ತರಿಸಲು ಬರುವುದಿಲ್ಲ. ವಿಷ ಮತ್ತೆ ಸಪ್ಪೆಯಾಗುತ್ತದೆ. ಸುಳಿಯಲ್ಲಿ ಕೂತು ಲದ್ದಿ ಹಾಕುತ್ತಾ ಆರಾಮಾಗಿ ತಿನ್ನಲು ಅದಕ್ಕೆ ಧೈರ್ಯ ಬಂದಿದ್ದು ಹೀಗೆ. ‘ನೈಸರ್ಗಿಕ ಶಕ್ತಿ ಹೆಚ್ಚಿಸುತ್ತದೆ’ ಅನ್ನುವ ಬಾಟಲಿಯಿಂದ ಸೈನಿಕ ಹುಳು ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಈ ಸಂಗತಿ ನೆನಪಿರಲಿ. ಆ ಹುಳುವಿಗೆ ಶೇ 5ರ ಬೇವಿನ ಬೀಜದ ಕಷಾಯವೇ ವಾಸಿ. ಅದೂ ನೈಸರ್ಗಿಕವೇ, ಆದರೆ ಅದರ ದಾರಿ ಬೇರೆ. ಬೇವಿನ ಅಜಾಡಿರಾಕ್ಟಿನ್ ಹುಳು ತಿನ್ನುವುದನ್ನು, ಪೊರೆ ಕಳಚುವುದನ್ನು ನೇರವಾಗಿ ಕೆಡಿಸುತ್ತದೆ. ಮರಿ ಹುಳು ಇದ್ದಾಗಲೇ ಹೊಡೆಯಬೇಕು.

ಎರಡನೇ ಗುಂಪಿನ ಮದ್ದುಗಳು ಪತ್ತೆಯಾಗಿದ್ದು ಇತ್ತೀಚೆಗೆ. 2011ರಲ್ಲಿ ಅಮೆರಿಕದ ವಿಜ್ಞಾನಿಗಳು ಗೋವಿನಜೋಳದಲ್ಲಿ ಕೌರಲೆಕ್ಸಿನ್, ಜೀಲೆಕ್ಸಿನ್ ಅನ್ನುವ ಎರಡು ಬಗೆಯ ವಸ್ತುಗಳನ್ನು ಗುರುತಿಸಿದರು. 2018ರಲ್ಲಿ ಡೊಲಾಬ್ರಲೆಕ್ಸಿನ್ ಅನ್ನುವ ಮೂರನೆಯದೂ ಸಿಕ್ಕಿತು. ಡಿಂಬೋವಾದಂತೆ ಇವು ಮೊದಲೇ ತಯಾರಾಗಿ ಕೂತಿರುವುದಿಲ್ಲ. ಶಿಲೀಂಧ್ರ ತಗಲಿದ ಮೇಲೆ, ಕಾಂಡ ಕೊರಕ ಕೊರೆದ ಮೇಲೆ, ಆ ಜಾಗದ ಸುತ್ತ ಗಿಡ ಇವನ್ನು ಹೊಸದಾಗಿ ಮಾಡುತ್ತದೆ. ಜೀಲೆಕ್ಸಿನ್ ಮಾಡುವುದಕ್ಕೆ 10 ಜೀನ್‌ಗಳು ಒಂದರ ಕೈಯಿಂದ ಇನ್ನೊಂದಕ್ಕೆ ಕೊಡುತ್ತಾ ಕೆಲಸ ಮಾಡುತ್ತವೆ ಅಂತ 2020ರಲ್ಲಿ ಬಿಡಿಸಿ ತೋರಿಸಲಾಯಿತು. ಜೀಲೆಕ್ಸಿನ್ ಫ್ಯುಸೇರಿಯಮ್ ಶಿಲೀಂಧ್ರವನ್ನು ತಡೆಯುತ್ತದೆ. ಕಾಳಿನಲ್ಲಿ ಅಫ್ಲಾಟಾಕ್ಸಿನ್ ವಿಷ ತುಂಬುವ ಆಸ್ಪರ್‌ಜಿಲ್ಲಸ್ ಬೂಷ್ಟನ್ನೂ ತಡೆಯುತ್ತದೆ. ನಮ್ಮ ಗೋವಿನಜೋಳದಲ್ಲಿ ದೊಡ್ಡ ಪಾಲು ಹೋಗುವುದು ಕೋಳಿ ಆಹಾರಕ್ಕೆ. ಅಫ್ಲಾಟಾಕ್ಸಿನ್ ಇದ್ದ ಕಾಳು ತಿಂದ ಕೋಳಿಯ ಯಕೃತ್ತು ಹಾಳಾಗುತ್ತದೆ. ಹಾಗಾಗಿ ಈ ಮದ್ದಿನ ಕೆಲಸ ಹೊಲದ ಬದುವಿಗೇ ಮುಗಿಯುವುದಿಲ್ಲ.

ಕೌರಲೆಕ್ಸಿನ್ ಬಗ್ಗೆ 2015ರಲ್ಲಿ ಬಂದ ಸಂಶೋಧನೆಯೊಂದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಗಿಡಕ್ಕೆ ನೀರು ನಿಲ್ಲಿಸಿದಾಗ ಬೇರಿನಲ್ಲಿ ಕೌರಲೆಕ್ಸಿನ್ ಹೆಚ್ಚಾಗುತ್ತದೆ ಅಂತ ಅದರಲ್ಲಿ ಕಂಡಿತು. ರೋಗ ಇಲ್ಲ, ಹುಳು ಇಲ್ಲ, ಬರೀ ಬರ. ಕೌರಲೆಕ್ಸಿನ್ ಮಾಡಲು ಬಾರದ ಒಂದು ಗೋವಿನಜೋಳದ ತಳಿ ಇದೆ. ಆ ತಳಿ ನೀರಿನ ಕೊರತೆಗೆ ಬೇಗ ಸೋತಿತು. ಅಂದರೆ ರೋಗಕ್ಕೆ ಅಂತ ನಾವು ಅಂದುಕೊಂಡಿದ್ದ ಮದ್ದಿಗೂ ಬರ ತಡೆಯುವುದಕ್ಕೂ ಬೇರಿನಲ್ಲಿ ನಂಟಿದೆ. ನೀರು ಕಡಿಮೆಯಾದಾಗ ಬೇರಿಗೆ ಶಿಲೀಂಧ್ರದ ಕಾಟವೂ ಹೆಚ್ಚುತ್ತದೆ ಅನ್ನುವುದನ್ನು ಗಿಡ ಮೊದಲೇ ಬಲ್ಲದು ಅನ್ನಿಸುತ್ತದೆ ಅಲ್ವಾ?

ಎಚ್ಚರಕ್ಕೆ ಕೊಡುವ ಬೆಲೆ

ಇಷ್ಟೆಲ್ಲ ಮದ್ದು ಇದ್ದರೆ ಗಿಡ ಯಾವಾಗಲೂ ಅದನ್ನು ತುಂಬಿಕೊಂಡೇ ಇರಬಾರದಾ?

ಇರಲಾರದು. ಒಂದೊಂದು ಮದ್ದಿಗೂ ಸಕ್ಕರೆ ಬೇಕು, ಸಾರಜನಕ ಬೇಕು. ಅದೇ ಸಕ್ಕರೆ ಕಾಳಿಗೂ ಹೋಗಬೇಕು. ಬೇರಿನಿಂದ ಮಣ್ಣಿಗೆ ಇಳಿದ ಬೆಂಜಾಕ್ಸಜಿನಾಯ್ಡ್‌ಗಳು ಬೇರಿನ ಸುತ್ತಲಿನ ಸೂಕ್ಷ್ಮಜೀವಿಗಳ ಗುಂಪನ್ನೇ ಬದಲಿಸುತ್ತವೆ ಅಂತ 2018ರ ಪ್ರಯೋಗವೊಂದು ತೋರಿಸಿತು. ಅದೇ ಮಣ್ಣಿನಲ್ಲಿ ಮುಂದೆ ಬೆಳೆದ ಗೋವಿನಜೋಳ ಹುಳುವಿಗೆ ಹೆಚ್ಚು ಗಟ್ಟಿಯಾಗಿತ್ತು. ಆದರೆ ಗಿಡಗಳು ಕಡಿಮೆ ಬೆಳೆದವು. ರಕ್ಷಣೆ ಬೇಕೆಂದರೆ ಬೆಳವಣಿಗೆಯಲ್ಲಿ ಸ್ವಲ್ಪ ಬಿಡಬೇಕು. ಗಿಡದೊಳಗೆ ಈ ಲೆಕ್ಕ ದಿನವೂ ನಡೆಯುತ್ತದೆ.

ಇನ್ನೊಂದು ಜಗಳವೂ ಇದೆ. ಮಣ್ಣು ಒಣಗಿದಾಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಅನ್ನುವ ಹಾರ್ಮೋನು ಏರುತ್ತದೆ. ಎಲೆಯ ಮೇಲಿನ ಸಣ್ಣ ಸಣ್ಣ ಬಾಯಿಗಳನ್ನು ಅದು ಮುಚ್ಚಿಸುತ್ತದೆ, ನೀರು ಆವಿಯಾಗುವುದು ಬಹಳ ಕಡಿಮೆಯಾಗುತ್ತದೆ. ಮಧ್ಯಾಹ್ನ ಗೋವಿನಜೋಳದ ಎಲೆ ಸುರುಳಿ ಸುತ್ತಿಕೊಳ್ಳುವುದೂ ನೀರು ಉಳಿಸುವ ಇಂಥದೇ ಇನ್ನೊಂದು ಉಪಾಯ. ರೋಗ ಬಂದಾಗ ಏರುವುದು ಬೇರೆ ಹಾರ್ಮೋನು, ಸ್ಯಾಲಿಸಿಲಿಕ್ ಆಮ್ಲ. ಇವೆರಡೂ ಸಾಮಾನ್ಯವಾಗಿ ಒಂದನ್ನೊಂದು ತಗ್ಗಿಸುತ್ತವೆ. ಬರಕ್ಕೆ ತಯಾರಾದ ಗಿಡ ರೋಗಕ್ಕೆ ಮೆತ್ತಗಾಗುವುದಕ್ಕೆ ಇದೂ ಒಂದು ಕಾರಣ. ಹೀಗಿರುವಾಗ ಹೊರಗಿನಿಂದ ಹಾರ್ಮೋನಿನಂಥ ವಸ್ತು ಹೊಡೆಯುವವರು ಸ್ವಲ್ಪ ಹುಷಾರಾಗಿರಬೇಕು. ಒಂದನ್ನು ಎತ್ತಿದರೆ ಇನ್ನೊಂದು ಇಳಿಯಬಹುದು.

ನಿಸರ್ಗ ಈ ತೊಡಕಿಗೆ ಒಂದು ಉಪಾಯ ಹುಡುಕಿಕೊಂಡಿದೆ. ಮುಂಗಾರಿಗೆ ಮುಂಚೆಯೇ ಕೂರಿಗೆ, ಕುಂಟೆ ಸಜ್ಜು ಮಾಡಿಟ್ಟ ರೈತ ಹದ ಬಿದ್ದ ದಿನವೇ ಬಿತ್ತುತ್ತಾನೆ; ಬೀಜ ಮಾತ್ರ ಮಳೆ ಬೀಳುವ ತನಕ ಚೀಲದಲ್ಲೇ ಇರುತ್ತದೆ. ಗಿಡವೂ ಹಾಗೆ ಮಾಡಬಲ್ಲದು. ಮದ್ದನ್ನು ಪೂರ್ತಿ ಮಾಡಿ ಖರ್ಚು ಮಾಡುವುದಿಲ್ಲ. ಮಾಡಲು ಬೇಕಾದ್ದನ್ನೆಲ್ಲ ಜೋಡಿಸಿಟ್ಟುಕೊಂಡು ಕಾಯುತ್ತದೆ. ವಿಜ್ಞಾನಿಗಳು ಇದಕ್ಕೆ ಪ್ರೈಮಿಂಗ್ ಅನ್ನುತ್ತಾರೆ. ನಿಜವಾದ ಹೊಡೆತ ಬಿದ್ದಾಗ ಹೀಗೆ ಸಜ್ಜಾದ ಗಿಡ ಬೇಗ, ಜೋರಾಗಿ ಎದುರಿಸುತ್ತದೆ. ಹೊಡೆತ ಬೀಳದಿದ್ದರೆ ಹೆಚ್ಚು ನಷ್ಟವಿಲ್ಲ.

ಗೋವಿನಜೋಳದಲ್ಲಿ ಇದು ಗಿಡದಿಂದ ಗಿಡಕ್ಕೂ ಹರಡುತ್ತದೆ. ಹುಳು ತಿಂದ ಎಲೆ ಇಂಡೋಲ್ ಅನ್ನುವ ಗಾಳಿಯಲ್ಲಿ ತೇಲುವ ವಸ್ತುವನ್ನು ಬಿಡುತ್ತದೆ. ಆ ವಾಸನೆ ಅದೇ ಗಿಡದ ಬೇರೆ ಎಲೆಗಳನ್ನೂ, ಪಕ್ಕದ ಗಿಡಗಳನ್ನೂ ಸಜ್ಜು ಮಾಡುತ್ತದೆ ಅಂತ 2015ರಲ್ಲಿ ಗೊತ್ತಾಯಿತು. ನಾವು ಹೊಲದಲ್ಲಿ ನಿಂತಾಗ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಸಾಲಿನಿಂದ ಸಾಲಿಗೆ ಸುದ್ದಿ ಹೋಗುತ್ತಲೇ ಇರುತ್ತದೆ.

ಬಾಟಲಿಯಲ್ಲಿ ಇರುವುದು ಏನು

ಈಗ ಅಂಗಡಿಗೆ ಬರೋಣ. ಕೈಟೋಸಾನ್ ಅನ್ನು ಸಿಗಡಿ, ಏಡಿ ಚಿಪ್ಪಿನಿಂದ ತೆಗೆಯುತ್ತಾರೆ. ಸಿಗಡಿಗೂ ಗೋವಿನಜೋಳಕ್ಕೂ ಏನು ಸಂಬಂಧ ಅಂತ ಅನ್ನಿಸಬಹುದು. ಕೈಟೋಸಾನ್ ಮಾಡುವುದು ಸಿಗಡಿ ಚಿಪ್ಪಿನಲ್ಲಿರುವ ಕೈಟಿನ್‌ನಿಂದ, ಅದೇ ಕೈಟಿನ್ ಶಿಲೀಂಧ್ರದ ಕೋಶಗೋಡೆಯಲ್ಲೂ ಇದೆ. ಗಿಡದ ಮೈಯಲ್ಲಿ ಕೈಟಿನ್ ಚೂರು ಗುರುತಿಸುವ ಏರ್ಪಾಡಿದೆ. ಆ ಚೂರು ಸಿಕ್ಕರೆ ಶಿಲೀಂಧ್ರ ಬಂತು ಅಂತಲೇ ಗಿಡ ತಿಳಿಯುತ್ತದೆ. ಕೈಟೋಸಾನ್ ಹೊಡೆದಾಗಲೂ ಹಾಗೆಯೇ, ರೋಗ ಬರುವ ಮೊದಲೇ ಗಿಡ ಎಚ್ಚರವಾಗುತ್ತದೆ. ಇದರಲ್ಲೇ ಅದರ ಮಿತಿಯೂ ಇದೆ. ಎಲೆ ತುಂಬ ಮಚ್ಚೆ ಬಿದ್ದ ಮೇಲೆ ಹೊಡೆದರೆ ಗಿಡಕ್ಕೆ ಹೊಸ ಸುದ್ದಿ ಏನೂ ಸಿಗುವುದಿಲ್ಲ. ಶಿಲೀಂಧ್ರ ಆಗಲೇ ಮನೆಯೊಳಗಿದೆ.

ಮೋಟೆಬೆನ್ನೂರಿನ ಕಡೆ ಹೊಲವೊಂದರ ಬದುವಿನಲ್ಲಿ ಇದೇ ಮಾತು ಬಂದಾಗ ಅಲ್ಲಿನ ಹಿರಿಯರೊಬ್ಬರು ನೇರವಾಗಿ ಕೇಳಿದರು: “ರೋಗ ಬಂದ ಮ್ಯಾಲೆ ಎಣ್ಣಿ ಹೊಡೀತೀವ್ರಿ. ಬರೂದಕ್ಕಿಂತ ಮೊದ್ಲ ಯಾಕ ಹೊಡೀಬೇಕು? ಬರ್ಲಿಲ್ಲಂದ್ರ ರೊಕ್ಕ ಹೋತಲ್ರಿ?”

“ಅದೇ ಇದರ ತೊಡಕು ಕಾಕಾ. ಬಂದ ಮೇಲೆ ಹೊಡೆದರೆ ರೊಕ್ಕ ಹೋಗೋದು ಗ್ಯಾರಂಟಿ” ಅಂದೆ. ಪ್ರತಿ ವರ್ಷ ಎಲೆ ಅಂಗಮಾರಿ ಬರುವ ಹೊಲ, ಹೋದ ವರ್ಷದ ದಂಟು ಹಾಗೇ ಬಿದ್ದಿರುವ ಹೊಲ, ಮೋಡ ಕವಿದು ಎಲೆ ಒಣಗದ ವಾರ – ಇಂಥ ಕಡೆ ಮೊದಲೇ ಹೊಡೆಯುವುದಕ್ಕೆ ಅರ್ಥವಿದೆ. ರೋಗದ ಸುಳಿವೇ ಇಲ್ಲದ ಹೊಲದಲ್ಲಿ ಅವರ ಲೆಕ್ಕವೇ ಸರಿ.

ಕಡಲಪಾಚಿ ಸಾರದ ವಿಷಯ ಸ್ವಲ್ಪ ಬೇರೆ. ನಮ್ಮ ದೇಶದಲ್ಲಿ ತಮಿಳುನಾಡಿನ ಕರಾವಳಿಯಲ್ಲಿ ಕಪ್ಪಾಫೈಕಸ್ ಅನ್ನುವ ಪಾಚಿ ಬೆಳೆಯುತ್ತಾರೆ. ಅದರ ರಸ ತೆಗೆಯುವ ವಿಧಾನದ ಮೇಲೆ ಭಾವನಗರದ ಕೇಂದ್ರ ಉಪ್ಪು ಮತ್ತು ಸಮುದ್ರ ರಾಸಾಯನಿಕ ಸಂಶೋಧನಾ ಸಂಸ್ಥೆ ಬಹಳ ಕೆಲಸ ಮಾಡಿದೆ. ನೀರಿನ ಕೊರತೆ ಇರುವ ಗೋವಿನಜೋಳದ ಮೇಲೂ ಈ ರಸದ ಪ್ರಯೋಗ ನಡೆದಿದೆ, ಬೆಳೆ ತಡಕೊಳ್ಳಲು ನೆರವಾಗಿದ್ದು ಕಂಡಿದೆ. ಪಾಚಿ ರಸದಲ್ಲಿ ಒಂದೇ ವಸ್ತು ಇರುವುದಿಲ್ಲ. ಹಾರ್ಮೋನು, ಪೊಟ್ಯಾಷ್, ಬಗೆಬಗೆಯ ಸಕ್ಕರೆ, ಬೀಟೇನ್ ಎಲ್ಲ ಕಲೆತಿರುತ್ತವೆ. ಅದಕ್ಕೇ ಒಂದು ಕಂಪನಿಯ ಬಾಟಲಿ ಕೆಲಸ ಮಾಡಿತು ಅಂತ ಇನ್ನೊಂದೂ ಮಾಡುತ್ತದೆ ಅನ್ನಲು ಬರುವುದಿಲ್ಲ. ಯಾವ ಪಾಚಿ, ಹೇಗೆ ತೆಗೆದರು ಅನ್ನುವುದರ ಮೇಲೆ ಗುಣ ಬದಲಾಗುತ್ತದೆ.

ಬೀಟೇನ್, ಪ್ರೋಲಿನ್ ಇವೆರಡು ನೀರಿಗೆ ಸಂಬಂಧಪಟ್ಟವು. ಬರ ಬಂದಾಗ ಗಿಡ ಇವನ್ನು ಕೋಶದೊಳಗೆ ಕೂಡಿಸಿಕೊಳ್ಳುತ್ತದೆ. ಇವು ನೀರನ್ನು ಕೋಶದಿಂದ ಹೊರಗೆ ಹೋಗಲು ಬಿಡುವುದಿಲ್ಲ, ಒಳಗಿನ ಪ್ರೋಟೀನುಗಳು ಕೆಡದಂತೆ ಕಾಯುತ್ತವೆ. ಗೋವಿನಜೋಳದ ಕೆಲವು ತಳಿಗಳಿಗೆ ಬೀಟೇನ್ ಮಾಡುವ ಶಕ್ತಿಯೇ ಇಲ್ಲ. ಹೊರಗಿನಿಂದ ಹೊಡೆದಾಗ ಕೆಲವು ಕಡೆ ಅನುಕೂಲ ಕಂಡಿದೆ, ಕೆಲವು ಕಡೆ ಏನೂ ಕಂಡಿಲ್ಲ.

ಸ್ಯಾಲಿಸಿಲಿಕ್ ಆಮ್ಲ ಅಗ್ಗ. ನಾವು ನುಂಗುವ ಆಸ್ಪಿರಿನ್ ಇದರ ಹತ್ತಿರದ ಸಂಬಂಧಿ. ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವ ಪ್ರಮಾಣ ಲೀಟರ್ ನೀರಿಗೆ 70ರಿಂದ 140 ಮಿಲಿಗ್ರಾಂ. ಅಂದರೆ ಒಂದು ಚಿಟಿಕೆ. ‘ಸ್ವಲ್ಪಕ್ಕೆ ಇಷ್ಟು ಆದರೆ ಜಾಸ್ತಿ ಹಾಕಿದರೆ ಎಷ್ಟಾಗಬೇಡ’ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪ್ರಮಾಣ ಮೀರಿದರೆ ಇದೇ ವಸ್ತು ಬೆಳವಣಿಗೆ ನಿಲ್ಲಿಸುತ್ತದೆ, ಎಲೆ ಸುಡುತ್ತದೆ. ಇದು ಹಾರ್ಮೋನು, ಗೊಬ್ಬರ ಅಲ್ಲ.

ಟ್ರೈಕೋಡರ್ಮಾ ಬಗ್ಗೆ ನನಗೆ ಇವೆಲ್ಲಕ್ಕಿಂತ ಹೆಚ್ಚು ನಂಬಿಕೆ. ಇದು ವಸ್ತುವಲ್ಲ, ಜೀವ. ಒಳ್ಳೆಯ ಶಿಲೀಂಧ್ರ. ಮಣ್ಣಿನಲ್ಲಿ ಕೆಟ್ಟ ಶಿಲೀಂಧ್ರದ ಜಾಗ ಕಸಿಯುತ್ತದೆ ಅಂತ ಮೊದಲಿಂದ ಗೊತ್ತಿತ್ತು. ಅದು ಅಷ್ಟಕ್ಕೇ ನಿಲ್ಲುವುದಿಲ್ಲ. ಟ್ರೈಕೋಡರ್ಮಾ ವೈರೆನ್ಸ್ ಗೋವಿನಜೋಳದ ಬೇರಿನ ಮೇಲೆ ಕೂತು ಎಸ್‌ಎಂ1 ಅನ್ನುವ ಸಣ್ಣ ಪ್ರೋಟೀನು ಬಿಡುತ್ತದೆ. ಬೇರಿಗೆ ಅದು ತಾಗಿದರೆ ಮೇಲಿನ ಎಲೆ ರೋಗಕ್ಕೆ ಸಜ್ಜಾಗುತ್ತದೆ. ಬೇರಿನಲ್ಲಿ ಇರುವ ತನಕ ಅದು ಗಿಡವನ್ನು ಎಚ್ಚರದಲ್ಲಿ ಇಡುತ್ತಲೇ ಇರುತ್ತದೆ. ಸಿಂಪಡಿಸಿದ ಬಾಟಲಿಗೆ ಆ ತಾಳ್ಮೆ ಇಲ್ಲ.

ಆದರೆ ಇಲ್ಲೊಂದು ಸಣ್ಣ ವಿಷಯ ಎಲ್ಲರ ಕಣ್ಣು ತಪ್ಪುತ್ತದೆ. ಅಂಗಡಿಯಿಂದ ತರುವ ಹೈಬ್ರಿಡ್ ಬೀಜದ ಬಣ್ಣ ನೋಡಿ. ಗುಲಾಬಿ, ಕೆಂಪು ಅಥವಾ ಹಸಿರು. ಆ ಬಣ್ಣದ ಜೊತೆ ಸಾಮಾನ್ಯವಾಗಿ ಶಿಲೀಂಧ್ರನಾಶಕ ಹಚ್ಚಿರುತ್ತಾರೆ, ಕೆಲವೊಮ್ಮೆ ಕೀಟನಾಶಕವೂ ಇರುತ್ತದೆ. ಅದರ ಮೇಲೆ ಟ್ರೈಕೋಡರ್ಮಾ ಹಚ್ಚಿದರೆ ಆ ಶಿಲೀಂಧ್ರನಾಶಕ ಅದನ್ನೂ ಕೊಲ್ಲಬಹುದು. ಅದೇ ಬೀಜವನ್ನು ಸ್ಯಾಲಿಸಿಲಿಕ್ ಆಮ್ಲದ ನೀರಿನಲ್ಲಿ ನೆನೆಸಿದರೆ ಹಚ್ಚಿದ ಔಷಧ ತೊಳೆದುಹೋಗುತ್ತದೆ, ಬರಿಗೈಯಲ್ಲಿ ಮುಟ್ಟಿದವರ ಮೈಗೂ ಹತ್ತುತ್ತದೆ. ಬಣ್ಣ ಹಚ್ಚಿದ ಬೀಜಕ್ಕೆ ಏನೂ ಮಾಡದೇ ಬಿತ್ತುವುದು ಒಳ್ಳೆಯದು. ಟ್ರೈಕೋಡರ್ಮಾವನ್ನು ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ, ಸ್ವಲ್ಪ ನೀರು ಚಿಮುಕಿಸಿ, ನೆರಳಲ್ಲಿ ಗೋಣಿಚೀಲ ಮುಚ್ಚಿ ಕೆಲವು ದಿನ ಬೆಳೆಯಲು ಬಿಡಿ. ಆಮೇಲೆ ಹಸಿ ಇರುವ ಹೊಲಕ್ಕೆ ಹಾಕಿ. ಪಾಕೀಟಿನ ಮೇಲಿನ ತಯಾರಿಕೆ ದಿನಾಂಕ ನೋಡದೇ ತರಬೇಡಿ. ಅವಧಿ ಮುಗಿದ ಪಾಕೀಟಿನಲ್ಲಿ ಇರುವುದು ಬರೀ ಪುಡಿ. ಯಾವ ತಳಿ, ಎಷ್ಟು ಪ್ರಮಾಣ ಅನ್ನುವುದಕ್ಕೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಅಥವಾ ಧಾರವಾಡ ಕೃಷಿ ವಿಶ್ವವಿದ್ಯಾಲಯದವರನ್ನು ಕೇಳುವುದೇ ಸರಿ.

ಇನ್ನು ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ, ಹಸಿ ಪೂರ್ತಿ ಆರಿಹೋದ ಮೇಲೆ, ಎಲೆ ಬೆಳಿಗ್ಗೆಯೂ ಸುರುಳಿ ಬಿಚ್ಚದ ಸ್ಥಿತಿಯಲ್ಲಿ ಯಾವ ಬಾಟಲಿಯೂ ಕೆಲಸಕ್ಕೆ ಬಾರದು. ಗಿಡದ ಹತ್ತಿರ ಖರ್ಚು ಮಾಡಲು ಏನೂ ಉಳಿದಿರುವುದಿಲ್ಲ. ಆಗ ಎಬ್ಬಿಸಿದರೆ ಏಳಲು ಶಕ್ತಿ ಎಲ್ಲಿಂದ ಬರಬೇಕು? ಹೊಡೆಯುವುದಿದ್ದರೆ ಹಸಿ ಇರುವಾಗಲೇ, ಸೂಲಂಗಿಗೆ ಒಂದೆರಡು ವಾರ ಮುಂಚೆ. ಕಾಂಡ ಕೊಳೆಗಂತೂ ಬಾಟಲಿಗಿಂತ ಪೊಟ್ಯಾಷ್ ಮೊದಲು. ಯೂರಿಯಾ ಸುರಿದು ಪೊಟ್ಯಾಷ್ ಬಿಟ್ಟ ಹೊಲದಲ್ಲಿ, ಗಿಡ ಒತ್ತೊತ್ತಾಗಿ ನಿಂತ ಹೊಲದಲ್ಲಿ ಈ ರೋಗ ಜಾಸ್ತಿ. 60 ಸೆಂಟಿಮೀಟರ್ ಸಾಲು, 20 ಸೆಂಟಿಮೀಟರ್ ಗಿಡ ಅನ್ನುವ ಅಂತರವನ್ನು ಕಿರಿದು ಮಾಡಿದರೆ ಒಂದೊಂದು ಗಿಡದ ಪಾಲಿನ ನೀರೂ ಕಡಿಮೆ.

ಕಳೆದುಹೋದ ಮದ್ದು, ಮತ್ತು ಲೇಬಲ್

ಬಾಟಲಿಗಿಂತ ದೊಡ್ಡ ಕೆಲಸ ಬೀಜದಲ್ಲಿದೆ. ಗೋವಿನಜೋಳದ ಬೇರನ್ನು ಹುಳು ತಿಂದಾಗ ಬೇರು ಕ್ಯಾರಿಯೋಫಿಲೀನ್ ಅನ್ನುವ ವಾಸನೆ ಬಿಡುತ್ತದೆ. ಮಣ್ಣಿನಲ್ಲಿರುವ, ಹುಳುವನ್ನು ತಿನ್ನುವ ಸೂಕ್ಷ್ಮ ಜಂತುಹುಳುಗಳು ಅದನ್ನು ಹಿಡಿದು ಬರುತ್ತವೆ. 2005ರಲ್ಲಿ ಇದು ಪತ್ತೆಯಾದಾಗ ಇನ್ನೊಂದು ಸಂಗತಿಯೂ ಹೊರಬಿತ್ತು. ಟಿಯೊಸಿಂಟೆಗೆ, ಯುರೋಪಿನ ತಳಿಗಳಿಗೆ ಈ ಶಕ್ತಿ ಇತ್ತು. ಉತ್ತರ ಅಮೆರಿಕದ ಹೆಚ್ಚಿನ ತಳಿಗಳಲ್ಲಿ ಅದು ಹೋಗಿಬಿಟ್ಟಿತ್ತು. ಇಳುವರಿಯನ್ನೇ ನೋಡುತ್ತಾ ಆರಿಸಿದವರಿಗೆ ಅದು ಹೋಗಿದ್ದೇ ಗೊತ್ತಾಗಿರಲಿಲ್ಲ. 2009ರಲ್ಲಿ ಒರೆಗಾನೋ ಗಿಡದ ಒಂದು ಜೀನ್ ಸೇರಿಸಿ ಆ ವಾಸನೆಯನ್ನು ವಾಪಸ್ ತರಿಸಿದರು. ಹೊಲದಲ್ಲಿ ಬೇರಿನ ಹಾನಿ ಕಡಿಮೆಯಾಯಿತು. ನಮ್ಮಲ್ಲಿ ಆ ಬೇರು ಹುಳು ಇಲ್ಲ. ಆದರೆ ರಾಣೆಬೆನ್ನೂರಿನ ಸುತ್ತ ಇಷ್ಟೊಂದು ಬೀಜೋತ್ಪಾದನೆ ನಡೆಯುತ್ತದೆ. ಹೊಸ ಹೈಬ್ರಿಡ್ ಆರಿಸುವಾಗ ತೆನೆಯ ತೂಕದ ಜೊತೆ ಬೇರಿನ ಮದ್ದನ್ನೂ ಅಳೆಯುವ ದಿನ ಬೇಗ ಬರಲಿ ಅಂತ ನನ್ನ ಆಸೆ.

ಅಲ್ಲಿಯ ತನಕ ಬಾಟಲಿ ಕೊಳ್ಳುವವರಿಗೆ ಕಾನೂನಿನ ಒಂದು ಆಸರೆ ಇದೆ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಈ ಬಾಟಲಿಗಳಲ್ಲಿ ಬರುವಂಥ ಉತ್ತೇಜಕಗಳನ್ನು (ಬಯೋಸ್ಟಿಮ್ಯುಲೆಂಟ್) ರಸಗೊಬ್ಬರ ನಿಯಂತ್ರಣ ಆದೇಶದಡಿ ತಂದಿತು. ಅದಕ್ಕೂ ಮೊದಲು ಯಾರು ಏನು ಬೇಕಾದರೂ ಮಾರಬಹುದಿತ್ತು. ಅಲ್ಲಿಂದ ಕೆಲವು ವರ್ಷ ತಾತ್ಕಾಲಿಕ ಅನುಮತಿಯಲ್ಲಿ ಸಾವಿರಾರು ಬಾಟಲಿಗಳು ಓಡಿದವು. 2025ರ ಜೂನ್‌ನಲ್ಲಿ ಆ ಅವಧಿ ಮುಗಿಯಿತು. ಈಗ ಆ ಆದೇಶದ ಪಟ್ಟಿಯಲ್ಲಿ ಸೇರಿದ್ದನ್ನು, ಅದರಲ್ಲಿ ಹೇಳಿದ ಬೆಳೆಗೆ ಮಾತ್ರ ಮಾರಬೇಕು. ಹಾಗಾಗಿ ಲೇಬಲ್ ಮೇಲೆ ಒಳಗೇನಿದೆ, ಎಷ್ಟಿದೆ, ಯಾವ ಬೆಳೆಗೆ ಅಂತ ಇದೆಯಾ ನೋಡಿ. ‘ರೋಗ ಕೊಲ್ಲುತ್ತದೆ, ಹುಳು ಕೊಲ್ಲುತ್ತದೆ’ ಅಂತ ಬರೆದಿದ್ದರೆ ಅದು 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಆಗಿರಲೇಬೇಕು. ಉತ್ತೇಜಕ ಅನ್ನುವ ಹೆಸರಲ್ಲಿ ಹಾಗೆ ಬರೆಯಲು ಬರುವುದಿಲ್ಲ. ಬಿಲ್ ಕೇಳಿ ತಗೊಳ್ಳಿ.

ತಂದ ಮೇಲೆ ಇಡೀ ಹೊಲಕ್ಕೆ ಹೊಡೆಯಬೇಡಿ. ನಡುವೆ ಎಂಟು ಸಾಲು ಹಾಗೇ ಬಿಡಿ. ಬದುವಿನ ಪಕ್ಕ ಬೇಡ, ಅಲ್ಲಿ ಬೆಳೆ ಯಾವಾಗಲೂ ಬೇರೆ ಥರ ಇರುತ್ತದೆ. ಬಿಟ್ಟ ಸಾಲುಗಳಿಗೂ ಅಷ್ಟೇ ಬರೀ ನೀರು ಹೊಡೆಯಿರಿ. ಕೊಯ್ಲಿನಲ್ಲಿ ಎಂಟರ ನಡುವಿನ ನಾಲ್ಕು ಸಾಲಿನ ತೆನೆ ಬೇರೆ ಚೀಲಕ್ಕೆ, ಹೊಡೆದ ಕಡೆಯ ನಾಲ್ಕು ಸಾಲು ಇನ್ನೊಂದು ಚೀಲಕ್ಕೆ. ಎರಡನ್ನೂ ಒಂದೇ ಅಂಗಳದಲ್ಲಿ ಒಣಗಿಸಿ, ಕಾಳು ಬಿಡಿಸಿ ತೂಗಿ. ಬಾಟಲಿಯ ಬೆಲೆ, ಹೊಡೆದ ಆಳಿನ ಕೂಲಿ, ಎರಡನ್ನೂ ಸೇರಿಸಿ ಆ ವಾರದ ಎಪಿಎಂಸಿ ದರಕ್ಕೆ ಎಷ್ಟು ಕಾಳು ಆಗುತ್ತದೆ ಅಂತ ಲೆಕ್ಕ ಹಾಕಿ. ಹೆಚ್ಚಿಗೆ ಬಂದ ತೂಕ ಅದಕ್ಕಿಂತ ಜಾಸ್ತಿ ಇದ್ದರೆ ಮುಂದಿನ ವರ್ಷವೂ ಅದೇ ಬಾಟಲಿ ತನ್ನಿ.